ಎರಡನೇ ರಿಮೋಟು

ಎರಡನೇ ರಿಮೋಟಿಗೆ ಸ್ಟಾರ್ಟ್ ಗುಂಡಿ ಇರಲಿಲ್ಲ.
ಕೆಟ್ಟದ್ದಲ್ಲ, ಕಿತ್ತುಹೋದದ್ದಲ್ಲ,
ಕಂಪನಿಯಿಂದಲೇ ಹಾಗೆ ಬಂದಿತ್ತು.
ಮುಂಬೈಗೆ ಜೀನ್ಸ್ ಮೂಟೆ ಇಳಿಸಿ ಬಂದ ಮಾವ
ಡಬ್ಬಿ ಬಿಚ್ಚಿದ ಸಂಜೆಯೇ
ಒಂದನೆಯದು ಹೊನ್ನೂರಣ್ಣನಿಗೆ,
ಎರಡನೆಯದು ನನಗೆ.
ಹಂಚಿದವರು ಯಾರೆಂದು ನೆನಪಿಲ್ಲ.
ತಾಟಿಗೆ ರೊಟ್ಟಿ ಬಿದ್ದಂತೆ ಬಿದ್ದಿತ್ತು.

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಮನೆಗೊಂದು ಮಷಿನ್, ಮಷಿನ್‌ಗೊಬ್ಬ ತಾಯಿ.
ಚರಂಡಿಯಲ್ಲಿ ನೀಲಿ ನೀರು,
ಅವ್ವನ ಉಗುರಲ್ಲೂ ನೀಲಿ.
ಅವಳು ಹೊಲಿಯುತ್ತಿದ್ದದ್ದು ಬರೀ ಜೇಬು,
ಡಜನ್ನಿಗೆ ಇಷ್ಟೆಂದು.
ಗಂಡಸರ ಪ್ಯಾಂಟಿಗೆ ಮುಂಗೈ ಮುಳುಗುವಷ್ಟು ಆಳ.
ಹೆಂಗಸರದಕ್ಕೆ ಮೇಲೊಂದು ಹೊಲಿಗೆ,
ಒಳಗೇನೂ ಇಲ್ಲ.
"ಇದ್ಯಾಕವ್ವಾ ಹಿಂಗ?"
"ಆರ್ಡರು ಹಂಗ ಐತಿ."

ಟೀವಿಯೊಳಗಿನ ಗಂಡು ಓಡುತ್ತಿದ್ದ, ಬಲಕ್ಕೆ ಮಾತ್ರ.
ಹಿಂದೆ ಬಿಟ್ಟ ಊರು ಅವನಿಗೆ ಮತ್ತೆ ಸಿಗುತ್ತಿರಲಿಲ್ಲ.
ನಾಣ್ಯ ನುಂಗುವುದು, ಹಲ್ಲಿ ತುಳಿಯುವುದು, ಹಳ್ಳ ಜಿಗಿಯುವುದು.
ಎಲ್ಲ ಒಬ್ಬ ಹುಡುಗಿಗಾಗಿ ಅಂತ ಡಬ್ಬಿಯ ಮೇಲೆ ಚಿತ್ರವಿತ್ತು:
ಕೋಟೆಯ ತುದಿ, ಗುಲಾಬಿ ಲಂಗ, ಕೆನ್ನೆಗೆ ಕೈ.
ನಮ್ಮ ಬಳ್ಳಾರಿ ಗುಡ್ಡದ ಮೇಲೂ ಕೋಟೆಯಿದೆ.
ಅಲ್ಲಿ ಮೇಕೆ ಹತ್ತಿಸುವ ಹುಡುಗಿಯರಿದ್ದರು.
ಯಾರಾದರೂ ಬಂದು ಇಳಿಸಲಿ ಎಂದು
ಅವರು ಕಾದದ್ದು ನಾನು ಕಾಣೆ.

"ನೀ ಸುಮ್ನ ಹಿಡ್ಕೊಂಡು ಕೂಡು," ಅಣ್ಣ ಅನ್ನುತ್ತಿದ್ದ,
"ನಾ ಸತ್ತ ಮ್ಯಾಲೆ ನಿನ್ನ ಪಾಳಿ."
ಅವನು ಸತ್ತರೂ
ಇನ್ನೆರಡು ಜೀವ ಉಳಿದಿರುತ್ತಿದ್ದವು.
ಅಷ್ಟರಲ್ಲಿ ಒಳಗಿನಿಂದ ಕೂಗು, ನನ್ನ ಹೆಸರೇ ಹಿಡಿದು:
"ಹುಲಿಗೀ, ದಾರ ಕತ್ತರಿಸು ಬಾ."

ಅಣ್ಣನಿಗೆ ಅಮ್ಮ ಎದ್ದ ವಾರ
ಒಂದನೇ ರಿಮೋಟು ನನ್ನ ಕೈಗೆ ಬಂತು.
ಗುಂಡಿಯ ಅಕ್ಷರ ಸವೆದು
ಅವನ ಹೆಬ್ಬೆರಳಿನಷ್ಟೇ ನುಣುಪಾಗಿತ್ತು.
ಪಕ್ಕದ ಮನೆಯ ಮಾಬುನ್ನಿ ಎರಡನೆಯದು ಹಿಡಿದಳು.
ಮೂರು ಮಧ್ಯಾಹ್ನ.
ಎರಡು ಸಲ ಕರೆಂಟು ಹೋಗಿ ಮತ್ತೆ ಮೊದಲಿನಿಂದ.
ಕೊನೆಗೆ ಕೋಟೆ, ಬಾಗಿಲು, ಹುಡುಗಿ.
ಇಂಗ್ಲಿಷಿನಲ್ಲಿ ಒಂದು ಸಾಲು ಅಂದಳು.
ಅಷ್ಟಕ್ಕೇ ಆಟ ಮುಗಿದಿತ್ತು.

ನಾವು ನಂಬಲಿಲ್ಲ.
ಇನ್ನು ಅವಳ ಪಾಳಿ ಅಂದುಕೊಂಡಿದ್ದೆವು.
ಎಲ್ಲ ಗುಂಡಿ ಒತ್ತಿದೆವು, ಎರಡೂ ರಿಮೋಟಿನವು.
ಮಾಬುನ್ನಿ ಟೀವಿಯ ತಲೆಗೂ ಒಂದು ಬಿಟ್ಟಳು.
ಆಮೇಲೆ ಗಾಜಿಗೆ ಮೂಗು ಹಚ್ಚಿ ನೋಡಿ
ಮೆಲ್ಲಗೆ ಅಂದಳು:
"ಎಲ್ಲಿ ಓಡ್ತಾಳ? ಆಕಿಗೆ ಕಾಲೇ ಬರದಿಲ್ಲ ನೋಡು."

ನಿಜ. ಲಂಗ ನೆಟ್ಟಗೆ ನೆಲಕ್ಕಿಳಿದಿತ್ತು,
ಗುಲಾಬಿ ಚೌಕಗಳು, ಕೆಳಗೆ ಇಟ್ಟಿಗೆ ಚೌಕಗಳು.
ಹಲ್ಲಿಗೆ ನಾಲ್ಕು ಕಾಲು ಬರೆದಿದ್ದರು.

"ಬಿಡಿಸಿದ್ಯಾ ಆಕಿನ್ನ?"
ಒಳಕೋಣೆಯಿಂದ ಅಣ್ಣ.
ಬೇವಿನ ಸೊಪ್ಪಿನ ಮೇಲೆ, ತುರಿಕೆ ತಾಳದೆ,
ಅಳು ನಮಗೆ ಕೇಳದಂತೆ ಕೌದಿ ಕಚ್ಚಿಕೊಂಡು.
ಅವನಿಗೂ ಏನನ್ನೋ ಬರೆಯದೆ ಬಿಟ್ಟಿದ್ದರು.
"ಬಿಡಿಸೀನಿ," ಅಂದೆ. ಸುಳ್ಳು.

ಅವ್ವನ ಮಷಿನ್ ಮೇಲಿನ ಸುಣ್ಣದ ಬಿಲ್ಲೆ ತಂದು
ಟೀವಿಯ ಗಾಜಿನ ಮೇಲೆ, ಲಂಗದ ಅಂಚಿಗೆ,
ಎರಡು ಪಾದ ಬರೆದೆವು.
ಒಂದು ದೊಡ್ಡದಾಯಿತು. ಇರಲಿ.
ಬಿಲ್ಲೆ ಹುಡುಕುತ್ತ ಬಂದ ಅವ್ವ
ಬೈಯಲು ಬಾಯಿ ತೆರೆದವಳು
ಗುಲಾಬಿ ಲಂಗವನ್ನು ಅಷ್ಟು ಹೊತ್ತು ನೋಡಿ,
"ಯಾರಿದನ್ನ ಹೊಲದೋರು?
ಅಳತಿ ತಗೊಂಡಿಲ್ಲ," ಎಂದು
ಬಿಲ್ಲೆ ಕಸಿದುಕೊಂಡು ಹೋದಳು.

ಆಟ ಆರಿಸಿದೆವು. ಹುಡುಗಿ ಹೋದಳು, ಕಾಲು ಹೋಗಲಿಲ್ಲ.
ರಾತ್ರಿ ಅಪ್ಪ ವಾರ್ತೆ ಹಾಕಿದಾಗ
ದಿಲ್ಲಿಯ ಯಾರೋ ದೊಡ್ಡವರ ಎದೆಯ ಮೇಲೆ
ಎರಡು ಬಿಳಿ ಪಾದ,
ಒಂದು ಸಣ್ಣದು, ಒಂದು ದೊಡ್ಡದು,
ಎಡಕ್ಕೆ ಹೊರಟಿದ್ದವು.